ಸಾಲ ಬೇಡ, ನೋಟು ಮುರಿಸಿ

‘ಪಕ್ಕದ ಮನೆಯಿಂದ ಸಾಲ ತರುವುದು’ (ಅಂದರೆ ಎಡಗಡೆಯ ಅಂಕಿಯಿಂದ ತರುವುದು) ಅಂತ ಹೇಳಿಕೊಟ್ಟರೆ ಕಳೆಯುವ ಲೆಕ್ಕ ಮಕ್ಕಳಿಗೆ ಸುಲಭ ಅಂತ ಬರೆದಿದ್ದೀರಿ. ನಮ್ಮನೆ ಅನುಭವ ಬೇರೆ. ಮೂರನೇ ಕ್ಲಾಸಿನ ಮಗಳು 402ರಲ್ಲಿ 157 ಕಳೆದು 355 ಅಂತ ಬರೆದಿದ್ದಳು. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಟ್ಟಿದ್ದಾಳೆ: 7ರಲ್ಲಿ 2, 5ರಲ್ಲಿ 0. ಸಾಲ ಯಾಕೆ ತರಲಿಲ್ಲ ಅಂದರೆ, ‘ಪಕ್ಕದ ಮನೇಲಿ ಸೊನ್ನೆ ಅಲ್ವಾಮ್ಮ, ಅವರ ಹತ್ರಾನೂ ಇಲ್ಲ’ ಅಂದಳು. ತಪ್ಪೇನು ಹೇಳಿದಳು?

ಆಮೇಲೆ ಆಟದ ದುಡ್ಡು ತೆಗೆದೆ. ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ. ‘157 ಕೊಡು’ ಅಂದೆ. ತಾನೇ ಒಂದು ನೂರನ್ನು ಮುರಿಸಿ ಹತ್ತರ ಹತ್ತು ನೋಟು ತಗೊಂಡಳು, ಅದರಲ್ಲೊಂದನ್ನು ಮತ್ತೆ ಮುರಿಸಿ ಹತ್ತು ನಾಣ್ಯ. ಈಗ ನೂರು ಮೂರು, ಹತ್ತು ಒಂಬತ್ತು, ಬಿಡಿ ಹನ್ನೆರಡು. ದುಡ್ಡು ಅದೇ 402. ಕೊಟ್ಟು ಉಳಿದದ್ದು 245. ಸೊನ್ನೆ ಮೇಲೆ 9 ಎಲ್ಲಿಂದ ಬಂತು ಅಂತ ನಾನು ಹೇಳಬೇಕಾಗಲೇ ಇಲ್ಲ. (ನನಗೇ ಅದು ಹೊಳೆದದ್ದು ಅವತ್ತು. ಚಿಕ್ಕವಳಿದ್ದಾಗ ‘ಸೊನ್ನೆ ಇದ್ದರೆ 9 ಹಾಕು’ ಅಂತ ಬಾಯಿಪಾಠ ಮಾಡಿದ್ದೆ, ಅಷ್ಟೇ.)

ಕಡ್ಡಿ ಕಟ್ಟಿನಲ್ಲೂ ಮಾಡಬಹುದು, ಆದರೆ ನೂರರ ಕಟ್ಟು ಬಿಚ್ಚುವಷ್ಟರಲ್ಲಿ ಅರ್ಧ ಕಡ್ಡಿ ಮಂಚದ ಕೆಳಗೆ! ಉತ್ತರ ಸರಿಯಾ ಅಂತ ನೋಡೋಕೆ ಅಂಗಡಿಯವರ ಲೆಕ್ಕ ಸಾಕು. 157ಕ್ಕೆ 3 ಸೇರಿಸಿದರೆ 160, ಅದಕ್ಕೆ 40 ಹಾಕಿದರೆ 200, ಇನ್ನು 202 ಹಾಕಿದರೆ 402. ಹಾಕಿದ್ದನ್ನೆಲ್ಲ (3, 40, 202) ಕೂಡಿದರೆ 245. ಈಗ ಮಗಳು ಹೋಮ್‌ವರ್ಕನ್ನೂ ಹೀಗೇ ಮಾಡಿ, ‘ಸ್ಟೆಪ್ಸ್ ಎಲ್ಲಿ’ ಅಂತ ಬೈಸಿಕೊಂಡು ಬರ್ತಾಳೆ.