ಫಿಲೆಮೋನನ ಪತ್ರವನ್ನು ಅರ್ಧಕ್ಕೆ ನಿಲ್ಲಿಸಬೇಡಿ

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲನ ಹೆಸರಿನಲ್ಲಿರುವ ಪತ್ರಗಳಲ್ಲಿ ತೀರಾ ಚಿಕ್ಕದು ಫಿಲೆಮೋನನಿಗೆ ಬರೆದದ್ದು. ಇರುವುದು 25 ವಚನ. ಪ್ರಸಂಗ ಮಾಡುವವರು ದಾಸನನ್ನು ‘ಪ್ರಿಯ ಸಹೋದರ’ ಎನ್ನುವ 16ನೆಯ ವಚನವನ್ನು ಎತ್ತಿಕೊಂಡು, ಮೊದಲಿನ ವಂದನೆಯನ್ನೂ ಕೊನೆಯ ಹೆಸರುಗಳನ್ನೂ ಬರೀ ಶಿಷ್ಟಾಚಾರವೆಂದು ದಾಟಿಬಿಡುವುದನ್ನು ಕೇಳುತ್ತಲೇ ಬಂದಿದ್ದೇನೆ. ಇದು ನನಗೆ ಒಪ್ಪಿಗೆಯಿಲ್ಲ. ಆ ಪತ್ರದ ಬಲವಿರುವುದೇ ಅದರ ಆರಂಭ ಮತ್ತು ಅಂತ್ಯ ಎದುರುಬದುರಾಗಿ ನಿಂತಿರುವ ರೀತಿಯಲ್ಲಿ.

ಸಂದರ್ಭ ಗೊತ್ತಿಲ್ಲದವರಿಗೆ ಎರಡು ಮಾತು. ಫಿಲೆಮೋನ ಅನುಕೂಲಸ್ಥ, ಅವನ ಮನೆಯಲ್ಲೇ ಕ್ರೈಸ್ತರ ಸಭೆ ಸೇರುತ್ತಿತ್ತು. ಅವನ ದಾಸ ಒನೇಸಿಮ ಹೇಗೋ ಸೆರೆಯಲ್ಲಿದ್ದ ಪೌಲನ ಬಳಿಗೆ ಬಂದು ಕ್ರೈಸ್ತನಾಗಿದ್ದಾನೆ. ಪೌಲ ಅವನನ್ನು ಒಡೆಯನ ಬಳಿಗೆ ಮರಳಿ ಕಳುಹಿಸುತ್ತಿದ್ದಾನೆ. ಕಾಲ ಕ್ರಿ.ಶ. 1ನೆಯ ಶತಮಾನದ ನಡುಭಾಗ. ದಾಸನೆಂದರೆ ಒಡೆಯನ ಸ್ವತ್ತು ಎನ್ನುವ ರೋಮನ್ ಕಾನೂನಿನ ಕಾಲ ಅದು.

ಈಗ 5ನೆಯ ವಚನ ನೋಡಿ. ಗ್ರೀಕ್ ಮೂಲದಲ್ಲಿ ಪದಗಳು ಬರುವ ಕ್ರಮ ಹೀಗಿದೆ: ಪ್ರೀತಿ, ನಂಬಿಕೆ, ಕರ್ತನಾದ ಯೇಸು, ದೇವಜನರು (ಎಂದರೆ ಕ್ರೈಸ್ತ ವಿಶ್ವಾಸಿಗಳು). ನಂಬಿಕೆ ಯೇಸುವಿಗೆ ಸಲ್ಲುತ್ತದೆ, ಪ್ರೀತಿ ದೇವಜನರಿಗೆ. ಒಳಗಿನೆರಡು ಒಂದು ಜೋಡಿ, ಹೊರಗಿನೆರಡು ಇನ್ನೊಂದು. ಇಂಥ ಕನ್ನಡಿ ರಚನೆಯನ್ನು ವಿದ್ವಾಂಸರು ಕಯಾಸ್ಮಸ್ ಎನ್ನುತ್ತಾರೆ. ಪ್ರೀತಿಯಿಂದ ಹೊರಟ ಮಾತು ದೇವಜನರಲ್ಲಿ ಬಂದು ನಿಲ್ಲುತ್ತದೆ. ಫಿಲೆಮೋನನಿಗೆ ಇನ್ನೂ ಗೊತ್ತಿಲ್ಲದ ವಿಷಯವೆಂದರೆ, ಆ ದೇವಜನರ ಸಾಲಿನಲ್ಲಿ ಈಗ ಅವನ ದಾಸನೂ ಇದ್ದಾನೆ.

ನನ್ನನ್ನು ಹಿಡಿದು ನಿಲ್ಲಿಸುವುದು 7 ಮತ್ತು 20ನೆಯ ವಚನಗಳು. ಏಳರಲ್ಲಿ ಪೌಲ ಹೊಗಳುತ್ತಾನೆ: ದೇವಜನರ ಕರುಳು ನಿನ್ನಿಂದ ತಣಿದಿದೆ, ಸಹೋದರನೇ. ಇಪ್ಪತ್ತರಲ್ಲಿ ಬೇಡುತ್ತಾನೆ: ಹೌದು ಸಹೋದರನೇ, ನನಗೆ ನಿನ್ನಿಂದ ಉಪಕಾರವಾಗಲಿ, ತಣಿಸು ನನ್ನ ಕರುಳನ್ನು. ಕರುಳು, ತಣಿವು, ಸಹೋದರ ಎಂಬ ಅವೇ ಮೂರು ಪದಗಳು ಎರಡನೆಯ ಸಲ ತಿರುವುಮುರುವಾಗಿ ಬರುತ್ತವೆ. ಇವೆರಡರ ನಡುವೆ, 12ನೆಯ ವಚನದಲ್ಲಿ, ಒನೇಸಿಮನನ್ನೇ ‘ನನ್ನ ಕರುಳು’ ಎಂದು ಕರೆದಿದ್ದಾನೆ. ಅಲ್ಲಿಗೆ ಫಿಲೆಮೋನನಿಗೆ ದಾರಿ ಉಳಿಯುವುದಿಲ್ಲ. ಎಲ್ಲರ ಕರುಳು ತಣಿಸಿದವನೆಂಬ ಹೆಸರು ಪಡೆದವನು ಈ ಒಂದು ಕರುಳನ್ನು ಹೇಗೆ ನೋಯಿಸಿಯಾನು? ಅದೂ ಮನೆಯಲ್ಲಿ ಕೂಡಿದ ಸಭೆಯ ಎದುರಿಗೆ! 2ನೆಯ ವಚನದಲ್ಲಿ ಅಪ್ಫಿಯ, ಅರ್ಖಿಪ್ಪ ಮತ್ತು ಮನೆಯ ಸಭೆಯನ್ನು ಪೌಲ ಸುಮ್ಮನೆ ಸೇರಿಸಲಿಲ್ಲ. ಅವರೆಲ್ಲ ಈ ಕೋರಿಕೆಗೆ ಸಾಕ್ಷಿಗಳು. ಆ ಕಾಲದಲ್ಲಿ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದರು. ಒಮ್ಮೆ ಕೇಳಿದ ಪದ ಮತ್ತೆ ಬಂದಾಗ ಕೂತವರ ಕಿವಿ ಅದನ್ನು ಗುರುತಿಸುತ್ತಿತ್ತು.

ಹೆಸರನ್ನು ತಡೆದಿಟ್ಟುಕೊಳ್ಳುವ ಜಾಣ್ಮೆಯನ್ನೂ ಗಮನಿಸಿ. ಒನೇಸಿಮ ಎಂಬ ಹೆಸರು 10ನೆಯ ವಚನದವರೆಗೆ ಬರುವುದೇ ಇಲ್ಲ. ಅಲ್ಲಿಯೂ ಗ್ರೀಕ್ ವಾಕ್ಯ ಮೊದಲು ‘ನನ್ನ ಮಗ’ ಎನ್ನುತ್ತದೆ, ಸೆರೆಯಲ್ಲಿ ನಾನು ಹಡೆದವನು ಎನ್ನುತ್ತದೆ, ಹೆಸರು ಬರುವುದು ಕಟ್ಟಕಡೆಗೆ.

ಸಾಲದ ಮಾತೂ ಹೀಗೆಯೇ ತಿರುಗುತ್ತದೆ. ಅವನು ನಿನಗೇನಾದರೂ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಹಾಕು, ಪೌಲನಾದ ನಾನೇ ಸ್ವಂತ ಕೈಯಿಂದ ಬರೆಯುತ್ತಿದ್ದೇನೆ, ತೀರಿಸುತ್ತೇನೆ ಎನ್ನುತ್ತಾನೆ. ಮರುಗಳಿಗೆಯಲ್ಲೇ, ನೀನು ನಿನ್ನನ್ನೇ ನನಗೆ ಕೊಡಬೇಕಾದವನು ಎಂಬುದನ್ನು ನಾನು ಹೇಳಬೇಕಿಲ್ಲ ಎಂದು ಹೇಳಿಯೇ ಬಿಡುತ್ತಾನೆ. ಸಾಲ ಕೊಟ್ಟವನು ಒಂದೇ ಉಸಿರಿನಲ್ಲಿ ಸಾಲಗಾರನಾದ.

ಹೊರ ಅಂಚುಗಳೂ ಹೊಂದುತ್ತವೆ: 3ರಲ್ಲಿ ಕೃಪೆ, 25ರಲ್ಲಿ ಕೃಪೆ, 4ರಲ್ಲಿ ಪೌಲನ ಪ್ರಾರ್ಥನೆ, 22ರಲ್ಲಿ ಅವರ ಪ್ರಾರ್ಥನೆ, ಮೊದಲಲ್ಲಿ ಜೊತೆ ಕೆಲಸಗಾರ ಫಿಲೆಮೋನ, ಕೊನೆಯಲ್ಲಿ ಮಾರ್ಕ, ಲೂಕ ಮುಂತಾದ ಜೊತೆ ಕೆಲಸಗಾರರು. ಆದರೆ ಇಷ್ಟು ಕಂಡಿತೆಂದು ಇಡೀ ಪತ್ರವನ್ನು ವಚನಕ್ಕೆ ವಚನ ಜೋಡಿಸಿ ನಕ್ಷೆ ಬರೆಯುವವರ ಜೊತೆ ನಾನು ಹೋಗುವುದಿಲ್ಲ. ಅಂಥ ನಕ್ಷೆಗಳಲ್ಲಿ ಹಲವು ಜೋಡಿಗಳು ಓದುಗರೇ ಕೊಟ್ಟುಕೊಂಡ ಶೀರ್ಷಿಕೆಗಳ ಮೇಲೆ ನಿಂತಿರುತ್ತವೆ. ‘ವಿನಂತಿ’, ‘ಭರವಸೆ’ ಎಂಬ ಶೀರ್ಷಿಕೆ ಹಚ್ಚಿದರೆ ಯಾವ ಪತ್ರದಲ್ಲಿ ಬೇಕಾದರೂ ಕನ್ನಡಿ ಕಾಣಿಸಬಹುದು. ಪತ್ರದ್ದೇ ಪದ ಮರಳಿ ಬಂದು, ಅದರಿಂದ ಮಾತಿಗೆ ಬಲ ಬಂದಿದ್ದರೆ ಮಾತ್ರ ನಾನು ನಂಬುತ್ತೇನೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 19ನೆಯ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯ ಪರ ನಿಂತವರು ಈ ಪತ್ರವನ್ನೇ ಆಧಾರವಾಗಿ ತೋರಿಸಿದರು: ಪೌಲನೇ ದಾಸನನ್ನು ಮರಳಿ ಕಳುಹಿಸಿದನಲ್ಲ! 1830ರ ದಶಕದಲ್ಲಿ ಜಾರ್ಜಿಯದಲ್ಲಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಎಂಬ ಪಾದ್ರಿ ಗುಲಾಮರ ಸಭೆಗೆ ಇದೇ ಪತ್ರದಿಂದ ವಿಧೇಯತೆಯ ಪಾಠ ಹೇಳಿ, ಓಡಿಹೋಗುವುದನ್ನು ಖಂಡಿಸಿದ. ಕೇಳುತ್ತಿದ್ದವರಲ್ಲಿ ಅರ್ಧದಷ್ಟು ಜನ ಎದ್ದು ಹೊರಟುಹೋದರು. ಇಂಥ ಪತ್ರ ಬೈಬಲ್ಲಿನಲ್ಲೇ ಇಲ್ಲ ಎಂದರು ಕೆಲವರು. ಇದು ಸುವಾರ್ತೆಯಲ್ಲ ಎಂದರು ಇನ್ನು ಕೆಲವರು. ಈ ಘಟನೆಯನ್ನು ಜೋನ್ಸನೇ ದಾಖಲಿಸಿದ್ದಾನೆ. ಆ ಗುಲಾಮರಿಗೆ ಸಿಕ್ಕಿದ್ದು ‘ಮರಳಿ ಕಳುಹಿಸಿದ್ದೇನೆ’ ಎಂಬ ಅರ್ಧ ಮಾತ್ರ. ಅದರೆದುರಿಗಿರುವ ‘ನನ್ನನ್ನು ಸೇರಿಸಿಕೊಳ್ಳುವಂತೆ ಅವನನ್ನು ಸೇರಿಸಿಕೋ’ ಎಂಬ 17ನೆಯ ವಚನದ ತೂಕವನ್ನು ಅವರಿಗೆ ಕೊಡಲಿಲ್ಲ.

ಒನೇಸಿಮನನ್ನು ಬಿಡುಗಡೆ ಮಾಡು ಎಂದು ಪೌಲ ನೇರವಾಗಿ ಬರೆದಿಲ್ಲ. ಆ ಕೊರತೆ ನನ್ನನ್ನು ಕಾಡುತ್ತದೆ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆದರೆ 1ನೆಯ ವಚನದಲ್ಲಿ ಒಡೆಯನಿಗೆ ಹೇಳಿದ ‘ಪ್ರಿಯ’ ಎಂಬ ಮಾತನ್ನೇ 16ರಲ್ಲಿ ದಾಸನಿಗೂ ಹೇಳಿ, ‘ಪ್ರಿಯ ಸಹೋದರ’ ಎಂದಿದ್ದಾನೆ. ನಿಮ್ಮ ಸಭೆಯಲ್ಲಿ ಇದರ ಸರದಿ ಬಂದಾಗ ಇಪ್ಪತ್ತೈದು ವಚನಗಳನ್ನೂ, ಹೆಸರುಗಳ ಸಮೇತ, ಒಂದೇ ಸಲಕ್ಕೆ ಓದಲು ಹೇಳಿ. ಐದು ನಿಮಿಷವೂ ಹಿಡಿಯುವುದಿಲ್ಲ.