ಇಪ್ಪತ್ತೋ ಎಪ್ಪತ್ತೋ

ಹೇಳಿದ್ದು ಇಪ್ಪತ್ತು ಹೋಳಿಗೆ. ಬಂದು ಕೂತಿರುವುದು ಎಪ್ಪತ್ತು. ಡಬ್ಬ ಇಳಿಸಿದ ಹುಡುಗ ‘ನೀವೇ ಹೇಳಿದ್ದಲ್ವಾ ಸಾರ್’ ಅಂತ ಬಿಲ್ ಚಾಚುತ್ತಾನೆ. ಫೋನಿನಲ್ಲಿ ಆರ್ಡರ್ ಕೊಡುವ ಮನೆಗಳಲ್ಲಿ ಪಂಚಾಂಗದಲ್ಲಿಲ್ಲದ ಹಬ್ಬ ಇದು.

ಕ್ಲಾಡ್ ಶಾನನ್ ಎಂಬ ಗಣಿತಜ್ಞ 1948ರಲ್ಲಿ ಬರೆದ ಚಿತ್ರವನ್ನು ಸಂವಹನ ಓದುವ ಮಕ್ಕಳೆಲ್ಲ ಬಾಯಿಪಾಠ ಮಾಡುತ್ತಾರೆ. ಈ ತುದಿಯಲ್ಲಿ ಹೇಳುವವನು, ಆ ತುದಿಯಲ್ಲಿ ಕೇಳುವವನು, ನಡುವೆ ವಾಹಿನಿ, ವಾಹಿನಿಯೊಳಗೆ ನುಗ್ಗುವ ಗದ್ದಲ. ಪುಸ್ತಕದಲ್ಲಿ ಗದ್ದಲಕ್ಕೆ ಒಂದೇ ಒಂದು ಚೌಕ ಬರೆದಿರುತ್ತಾರೆ, ಪಾಪ. ಸಿಹಿ ಅಂಗಡಿಯಲ್ಲಿ ಅದು ಗ್ರೈಂಡರ್, ಎಕ್ಸಾಸ್ಟ್ ಫ್ಯಾನ್, ಗಲ್ಲಾದ ಮುಂದೆ ‘ನಂದು ಮೊದ್ಲು’ ಅನ್ನುವ ನಾಲ್ಕು ಜನ.

ಆದರೆ ಗ್ರೈಂಡರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಎಣಿಕೆಯೇ ಹೀಗಿದೆ. ಮೂವತ್ತು, ನಲವತ್ತು, ಐವತ್ತುಗಳಿಗೆ ತಲೆಯಾದರೂ ಬೇರೆ ಬೇರೆ. ಇಪ್ಪತ್ತು–ಎಪ್ಪತ್ತುಗಳಲ್ಲಿ ಮೊದಲ ಸ್ವರವೊಂದು ಬಿಟ್ಟರೆ ಉಳಿದದ್ದೆಲ್ಲ ಅಚ್ಚು ಹೊಡೆದಂತೆ ಒಂದೇ. ಆ ಸ್ವರವನ್ನೂ ನಾವು ‘ಯಿಪ್ಪತ್ತು’, ‘ಯೆಪ್ಪತ್ತು’ ಅಂತ ಯಕಾರದಲ್ಲಿ ಅದ್ದಿ ತೆಗೆಯುತ್ತೇವೆ. ಇದರ ಮೇಲೆ ಫೋನಿನ ಉಪಕಾರ. ಹಳೇ ಮಾದರಿಯ ಫೋನ್ ಜಾಲ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಇಕಾರ ಎಕಾರಗಳನ್ನು ಬೇರೆ ಮಾಡುವ ಗುರುತುಗಳಲ್ಲಿ ಮುಖ್ಯವಾದ ಒಂದು, ಇಕಾರದ ಮಟ್ಟಿಗೆ, ಆ 300ರ ಹೊಸ್ತಿಲಲ್ಲೇ ಬಂದು ಎಡವುತ್ತದೆ. ಹೊಸ ಜಾಲಗಳಲ್ಲಿ 50ರಿಂದ 7000 ಹರ್ಟ್ಸ್‌ವರೆಗೂ ಹೋಗುತ್ತದಂತೆ ನಿಜ, ಎರಡೂ ಕಡೆ ಅಂಥ ಫೋನು, ಅಂಥ ಸಿಗ್ನಲ್ಲು ಇದ್ದರೆ. ಅಂಗಡಿಯ ಫೋನಿಗೆ ಸುತ್ತಿರುವುದು ರಬ್ಬರ್ ಬ್ಯಾಂಡ್.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಅಂಗಡಿಯವರ ‘ಆಯ್ತು’.

‘ನಾಳೆ ಬೆಳಿಗ್ಗೆ...’
‘ಆಯ್ತು ಸಾರ್.’
‘ಹತ್ತು ಗಂಟೆ ಒಳಗೆ...’
‘ಆಯ್ತಾಯ್ತು.’
‘ಕಾಯಿ ಹೋಳಿಗೆ, ಬೇಳೇದಲ್ಲ.’
‘ಆಯ್ತು, ಕಳಿಸ್ತೀವಿ.’
‘ಎಲ್ಲಿಗೆ ಕಳಿಸ್ತೀರಿ?’
‘ಆಯ್ತು.’

ಹೀಗೆ ನಡುನಡುವೆ ಉದುರುವ ಹ್ಞೂಂ, ಹಾಂ, ಆಯ್ತುಗಳಿಗೆ ವಿಕ್ಟರ್ ಇಂಗ್ವೆ ಎಂಬ ಭಾಷಾವಿಜ್ಞಾನಿ 1970ರಲ್ಲಿ ‘ಬ್ಯಾಕ್ ಚಾನೆಲ್’ ಎಂದು ಹೆಸರಿಟ್ಟ. ‘ಕೇಳ್ತಿದೀನಿ, ಮುಂದುವರಿಸಿ’ ಅನ್ನುವಷ್ಟೇ ಅದರ ಬೆಲೆ. ನಾವು ಅದನ್ನೇ ಒಪ್ಪಂದಪತ್ರ ಅಂದುಕೊಂಡು ಫೋನ್ ಇಡುತ್ತೇವೆ. ಕನ್ನಡದ ‘ಆಯ್ತು’ಗೆ ಇನ್ನೊಂದು ಚಮತ್ಕಾರವಿದೆ: ಅದು ಭೂತಕಾಲ. ಕೆಲಸ ಏನೆಂದು ಹೇಳಿ ಮುಗಿಸುವಷ್ಟರಲ್ಲಿ ಆಗಿಯೇ ಹೋಗಿರುತ್ತದೆ. ಕೇಳಿಸಿತು, ತಿಳಿಯಿತು, ಒಪ್ಪಿದೆ, ಮಾಡುತ್ತೇನೆ, ಸಾಕು ಫೋನಿಡಿ — ಐದಕ್ಕೂ ಅದೊಂದೇ ಮಾತು. ಅಂಗಡಿಯವರು ಹೆಚ್ಚಾಗಿ ಬಳಸುವುದು ಐದನೆಯದನ್ನು.

ಆದ್ದರಿಂದ ಕೊನೆಯಲ್ಲಿ ‘ಇಪ್ಪತ್ತು ಅಲ್ವಾ?’ ಅಂತ ಮಾತ್ರ ಕೇಳಬೇಡಿ. ಅದಕ್ಕೂ ‘ಆಯ್ತು’ ಬರುತ್ತದೆ. ‘ಎಷ್ಟು ಅಂತ ಬರ್ಕೊಂಡ್ರಿ?’ ಅನ್ನಿ. ಆಗ ಸಂಖ್ಯೆ ಅವರ ಬಾಯಿಂದಲೇ ಹೊರಡಬೇಕು. ವಿಮಾನದ ಪೈಲಟ್ ನಿಯಂತ್ರಣ ಗೋಪುರದವರು ಕೊಟ್ಟ ಎತ್ತರವನ್ನು ತಾನೇ ತಿರುಗಿ ಒಪ್ಪಿಸುವುದೂ ಇದಕ್ಕೇ. ‘ಆಯ್ತು ಸಾರ್’ ಅಂದರೆ ಗೋಪುರ ಬಿಡುವುದಿಲ್ಲ. ಜೊತೆಗೆ ‘ಇಪ್ಪತ್ತು, ಹತ್ತತ್ತರದು ಎರಡು ಡಬ್ಬ’ ಅಂತ ಸೇರಿಸಿ. ಕಾವ್ಯದಲ್ಲಿ ಪುನರುಕ್ತಿ ದೋಷ, ಹೋಳಿಗೆಯಲ್ಲಿ ಗುಣ. ವಾಟ್ಸ್ಆ್ಯಪ್‌ನಲ್ಲಿ 20 ಎಂದು ಅಂಕಿಯಲ್ಲೇ ಹಾಕುವುದು ಇನ್ನೂ ಒಳ್ಳೆಯದು. ಆದರೆ ಬೂದು ಜೋಡಿ ಗೀಟು ಅಂದರೆ ಫೋನಿಗೆ ತಲುಪಿದೆ ಅಂತ, ನೀಲಿಯಾದರೆ ತೆರೆದರು ಅಂತ. ಓದಿದರು ಅನ್ನುವುದಕ್ಕೆ ಯಾವ ಬಣ್ಣವೂ ಇಲ್ಲ. ಉತ್ತರವಾಗಿ ಬರುವ ಹೆಬ್ಬೆರಳು ‘ಆಯ್ತು’ವಿನ ತಮ್ಮ.

ಶಾನನ್ ಲೆಕ್ಕದಲ್ಲಿ, ಮೊದಲೇ ಊಹಿಸಬಹುದಾದ ಮಾತಿನಲ್ಲಿ ಮಾಹಿತಿ ಇಲ್ಲ. ರಾತ್ರಿ ಒಂಬತ್ತಕ್ಕೆ ಊರಿಂದ ಅಮ್ಮಂದಿರು ಫೋನ್ ಮಾಡಿ ‘ಊಟ ಆಯ್ತಾ?’ ಅನ್ನುತ್ತಾರಲ್ಲ, ಅದಕ್ಕೆ ‘ಆಯ್ತು’ ಅನ್ನದವರು ಯಾರು? ಅನ್ನ ಇನ್ನೂ ಕುಕ್ಕರಿನಲ್ಲಿದ್ದರೂ ಆಯ್ತೇ. ಮಾಹಿತಿ ಸೊನ್ನೆ. ಬರೀ ನಂಟು ಉಳಿಸಿಕೊಳ್ಳಲು ಆಡುವ ಇಂಥ ಮಾತಿಗೂ 1923ರಲ್ಲೇ ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಒಂದು ಹೆಸರು ಕೊಟ್ಟಿದ್ದಾನೆ, ಇರಲಿ. ಗಡಿಯಾರ ಒಂಬತ್ತೂಕಾಲು ದಾಟಿ, ಫೋನ್ ಬಾರದೆ ಹೋದ ರಾತ್ರಿ ಆ ಸೊನ್ನೆ ಎಷ್ಟು ಭಾರ ಅಂತ ಗೊತ್ತಾಗುತ್ತದೆ.

ಈಗ ಹೆಚ್ಚಿಗೆ ಬಂದ ಐವತ್ತು. ಕಾಯಿ ಹೋಳಿಗೆ ಬೇಳೆಯದಕ್ಕಿಂತ ತಾಳುತ್ತದೆ ಅನ್ನುತ್ತಾರಾದರೂ, ಐವತ್ತು ಹಿಡಿಸುವ ಫ್ರಿಜ್ ಯಾರ ಮನೆಯಲ್ಲಿದೆ? ಅಕ್ಕಪಕ್ಕಕ್ಕೆ ಹಂಚಲೇಬೇಕು. ಬಾಗಿಲು ಬಾಗಿಲಿಗೂ ‘ಅಯ್ಯೋ, ಈಗಷ್ಟೇ ಊಟ ಆಯ್ತು’. ಇದು ಆರನೆಯ ಅರ್ಥ, ಬೇಡ ಅಂತ. ಮೂಲೆಮನೆಯ ಅಜ್ಜನೊಬ್ಬರೇ ಟಿವಿಯ ವಾರ್ತೆ ತಗ್ಗಿಸದೆ, ಏನೂ ಮಾತಾಡದೆ, ಎರಡು ಬೆರಳು ಎತ್ತಿ ತೋರಿಸುತ್ತಾರೆ. ಎರಡೇ ಕೊಡುತ್ತೇವೆ.