ಮೈಲೇಜ್ 25 ಎಂದು ನಾನು ಕಳಿಸಿದ್ದು ತಪ್ಪು, ದಯವಿಟ್ಟು ಮುಂದೆ ಕಳಿಸಬೇಡಿ

‘ಈ ಪೆಟ್ರೋಲ್ ಕಾರು ತಗೊಳ್ಳಿ, ಬೆಂಗಳೂರು ಟ್ರಾಫಿಕ್‌ನಲ್ಲೂ ಲೀಟರ್‌ಗೆ 25 ಕಿಲೋಮೀಟರ್ ಗ್ಯಾರಂಟಿ’ ಎಂಬ ಮೆಸೇಜನ್ನು ಕಳೆದ ವಾರ ನಾನೇ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ್ದೆ. ಅದು ಸರಿಯಲ್ಲ. ಕ್ಷಮಿಸಿ.

ಆ 25 ಎಂಬುದು ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐ ಕೊಡುವ ಅಂಕಿ. ಅದನ್ನು ಅಳೆಯುವುದು ರಸ್ತೆಯಲ್ಲಲ್ಲ, ಲ್ಯಾಬ್‌ನಲ್ಲಿ. ಕಾರಿನ ಚಕ್ರ ರೋಲರ್ ಮೇಲೆ ತಿರುಗುತ್ತದೆ, ಎಸಿ ಆಫ್ ಇರುತ್ತದೆ. ಕಾರುಗಳನ್ನು ಒಂದಕ್ಕೊಂದು ಹೋಲಿಸೋಕೆ ಅದು ಒಳ್ಳೆಯದೇ. ಆದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಂತಾಗ ಗಾಡಿ ಒಂದಡಿಯೂ ಮುಂದೆ ಹೋಗಲ್ಲ, ಪೆಟ್ರೋಲ್ ಮಾತ್ರ ಉರಿಯುತ್ತಲೇ ಇರುತ್ತದೆ ಅಲ್ವಾ?

ನನ್ನ ಕಾರನ್ನೇ ಅಳೆದು ನೋಡಿದೆ. ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದೆ. ವಾರವಿಡೀ ಬನಶಂಕರಿಯಿಂದ ಆಫೀಸಿಗೆ ಓಡಾಡಿ, ಅದೇ ಬಂಕ್‌ನಲ್ಲಿ ಮತ್ತೆ ಫುಲ್ ಮಾಡಿಸಿದೆ. 300 ಕಿಲೋಮೀಟರ್‌ಗೆ 20 ಲೀಟರ್ ಹಿಡಿಯಿತು. ಅಂದರೆ 15.

ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರಿಗೆ 25ರ ಲೆಕ್ಕದಲ್ಲಿ 40 ಲೀಟರ್ ಸಾಕು, 15ರಲ್ಲಿ ಸುಮಾರು 67 ಬೇಕು. ಲೀಟರ್‌ಗೆ 100 ರೂಪಾಯಿ ಎಂದುಕೊಂಡರೂ 2,700 ರೂಪಾಯಿ ಜಾಸ್ತಿ. ಇಎಂಐ ಜೊತೆಗೆ ಇದು ಸಣ್ಣ ಮೊತ್ತವಲ್ಲ.

ಸಿಎನ್‌ಜಿ ನೋಡುತ್ತಿರುವವರು ಇನ್ನೊಂದು ಗಮನಿಸಿ: ಅದರ ಮೈಲೇಜ್ ಕೆಜಿ ಲೆಕ್ಕ, ಲೀಟರ್ ಅಲ್ಲ.

ಹಳೆಯ ಮೆಸೇಜ್ ನಿಮ್ಮ ಬಳಿ ಇದ್ದರೆ ಅಳಿಸಿ. ಬೇರೆ ಗ್ರೂಪಿಗೆ ಹಾಕಿದ್ದರೆ ಅಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.